ಇಪ್ಪತ್ತು ಶೇರಿನ ಮಾಲೀಕರು

ಶಾಲೆಯಲ್ಲಿ ನನಗೆ ಗಣಿತ ಕಲಿಸಿದ ಮಾಸ್ಟ್ರು ನಿವೃತ್ತರಾದ ಮೇಲೆ, ನಾನು ಕೆಲಸಕ್ಕಿದ್ದ ಪೈಂಟ್ ಕಂಪನಿಯ ಇಪ್ಪತ್ತು ಶೇರು ಕೊಂಡರು. ಅಂದಿನಿಂದ ಪ್ರತಿ ಶನಿವಾರ ಮೂಡುಬಿದಿರೆಯಿಂದ ಬಸ್ಸು ಹಿಡಿದು ನಮ್ಮ ಮೆಲ್ಕಾರ್ ಡಿಪೋಗೆ ಬರುತ್ತಿದ್ದರು. ಡಬ್ಬಗಳ ಮೇಲಿನ ಧೂಳನ್ನು ಕರವಸ್ತ್ರದಿಂದ ಒರೆಸುತ್ತ, "ನಮ್ಮದೇ ಕಂಪನಿ ಅಲ್ವಾ ಮಾರಾಯ್ತಿ, ನಾವೇ ನೋಡಿಕೊಳ್ಬೇಕು" ಎನ್ನುತ್ತಿದ್ದರು.

ಒಂದು ವರ್ಷ ಕಂಪನಿ ತನ್ನ ಶೇರುಗಳನ್ನು ತಾನೇ ಮರಳಿ ಕೊಳ್ಳುವುದಾಗಿ ಸಾರಿತು. ಮಾಸ್ಟ್ರು ಹಿಗ್ಗಿದರು. "ಶೇರು ಕಡಿಮೆಯಾದ್ರೆ ಉಳಿದದ್ದಕ್ಕೆ ಬೆಲೆ ಹೆಚ್ಚು. ಸುಲಭದ ಭಾಗಾಕಾರ!"

ಬೆಲೆ ಏರಿದ ವಾರ ಲಾಡಿನ ಪೊಟ್ಟಣ ಹಿಡಿದು ಬಂದರು. ನಾವು ಡಬ್ಬಗಳನ್ನು ಲಾರಿಗೆ ತುಂಬುತ್ತಿದ್ದೆವು.

"ಇದೆಂತ?"

"ಖರ್ಚು ಉಳಿಸ್ಲಿಕ್ಕೆ ಡಿಪೋ ಮುಚ್ತಾರಂತೆ ಸರ್. ನಮಗೆ ಇವತ್ತೇ ಕೊನೆಯ ದಿನ."

ಅವರು ಪೊಟ್ಟಣವನ್ನು ಬೆನ್ನ ಹಿಂದೆ ಮರೆಮಾಡಿ ನಿಂತರು.

ಆ ವರ್ಷದ ಶೇರುದಾರರ ಸಭೆ ಆನ್‌ಲೈನಿನಲ್ಲಿತ್ತು. ಮಾಸ್ಟ್ರು ಮಾತಾಡಲು ಹೆಸರು ಕೊಟ್ಟು, ಮೊಬೈಲ್ ಹಿಡಿಯಲು ನನ್ನನ್ನು ಕರೆದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎದ್ದು ನಿಂತು, ಬರೆದಿಟ್ಟುಕೊಂಡಿದ್ದ ಇಂಗ್ಲಿಷಿನಲ್ಲಿ ಕೇಳಿದರು. ಶೇರು ಕೊಳ್ಳಲು ಇದ್ದ ಹಣ ಡಿಪೋ ನಡೆಸಲು ಇರಲಿಲ್ಲವೇ? ಬೆಲೆ ಏರಿದ್ದರಿಂದ, ಹಳೆಯ ಬೆಲೆಗೇ ಶೇರು ಕೊಳ್ಳುವ ಹಕ್ಕು, ಅಂದರೆ ಸ್ಟಾಕ್ ಆಪ್ಶನ್, ಪಡೆದ ದೊಡ್ಡ ಅಧಿಕಾರಿಗಳಿಗೆ ಎಷ್ಟು ಲಾಭವಾಯಿತು?

ಅಧ್ಯಕ್ಷರು ಅವರ ಕಾಳಜಿಗೆ ತುಂಬುಹೃದಯದ ಧನ್ಯವಾದ ಹೇಳಿ, ಮುಂದಿನವರ ಹೆಸರು ಕರೆದರು.

ಮಾಸ್ಟ್ರು ಮೆಲ್ಲಗೆ ಕುಳಿತರು. "ನೆಟ್‌ವರ್ಕ್ ಹೋಯ್ತಾ? ನಾನು ಹೇಳಿದ್ದು ಅವರಿಗೆ ಕೇಳ್ಲಿಲ್ವಾ?"

"ಅವರಿಗೆ ಕೇಳಿಸಿದೆ ಸರ್. ಸ್ಪಷ್ಟವಾಗಿಯೇ ಕೇಳಿಸಿದೆ."

ನೆಟ್‌ವರ್ಕ್ ಹೋಗಿದ್ದರೆ ಅವರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.