ಇಲ್ಲದ ಫೈಲಿನಿಂದ ಬಂದ ದನಿ

ಕಾರಣವಿಲ್ಲದೆ ಕಂಪ್ಯೂಟರಿನಲ್ಲಿ ಏನೂ ನಡೆಯುವುದಿಲ್ಲ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಲೇ ಬಂದವಳು ನಾನು. ಚಿಕ್ಕೋಡಿಯ ಕಾಲೇಜೊಂದರಲ್ಲಿ ಸಿ ಭಾಷೆ ಕಲಿಸುತ್ತೇನೆ. ದೆವ್ವ, ಶಕುನ, ಕನಸಿನ ಫಲ ಅಂತ ಯಾರಾದರೂ ಶುರುಮಾಡಿದರೆ ನಕ್ಕುಬಿಡುತ್ತಿದ್ದೆ. ಈಗ ನಗುವುದಿಲ್ಲ. ನಂಬುತ್ತೇನೆ ಎಂದಲ್ಲ, ಸುಮ್ಮನೆ ಕೇಳಿಸಿಕೊಳ್ಳುತ್ತೇನೆ.

ನನ್ನ ಸೋದರಮಾವ ಐಗಳಿಯಲ್ಲಿ ದ್ರಾಕ್ಷಿ ಬೆಳೆಯುತ್ತಾರೆ. ಕೆಲವು ವರ್ಷಗಳ ಹಿಂದೆ ಗಂಟಲಿನ ಕ್ಯಾನ್ಸರ್ ಆಗಿ, ಆಪರೇಷನ್ನಿನಲ್ಲಿ ಅವರ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಅದಕ್ಕೆ ಮೊದಲು ಎರಡು ದಿನ ಅವರನ್ನು ಕೂಡಿಸಿಕೊಂಡು ಕಾಗುಣಿತ, ದಿನಬಳಕೆಯ ಮಾತು ಎಲ್ಲವನ್ನೂ ರೆಕಾರ್ಡ್ ಮಾಡಿಕೊಂಡೆ. ಆಮೇಲೆ ಒಂದು ಪ್ರೋಗ್ರಾಂ ಬರೆದುಕೊಟ್ಟೆ. ಮಾಮಾ ಕೀಬೋರ್ಡಿನಲ್ಲಿ ಒತ್ತಿದ್ದನ್ನು ಅದು ಅವರದೇ ದನಿಯಲ್ಲಿ ಆಡಿ ತೋರಿಸುತ್ತಿತ್ತು.

ದನಿ ಇದ್ದದ್ದು ಪ್ರೋಗ್ರಾಮಿನ ಒಳಗಲ್ಲ, ಶೇರ್ಡ್ ಲೈಬ್ರರಿ ಎನ್ನುವ ಬೇರೊಂದು ಫೈಲಿನಲ್ಲಿ. ಪ್ರೋಗ್ರಾಂ ಶುರುವಾಗುವಾಗ ಆ ಫೈಲನ್ನು ಹುಡುಕಿ ಜೊತೆಗೆ ಸೇರಿಸಿಕೊಳ್ಳುತ್ತದೆ. ಸಿಗದಿದ್ದರೆ ‘ಸಿಗಲಿಲ್ಲ’ ಎಂದು ಒಂದು ಸಾಲು ಬರೆದು ಅಲ್ಲಿಗೇ ನಿಲ್ಲುತ್ತದೆ.

ಒಂದು ಬೇಸಿಗೆಯಲ್ಲಿ ಮಾಮಿ ಫೋನ್ ಮಾಡಿದರು. “ಮಷಿನ್ ಮಾತಾಡವಲ್ದವಾ. ರಿಪೇರಿಗಿ ಒಯ್ದು ತಂದಾಗಿಂದ ಹಿಂಗ ಐತಿ. ನಿಮ್ಮ ಮಾಮಾ ಊಟಾನೂ ಬಿಟ್ಟಾರ.”

ಫೈಲು ಎಲ್ಲೋ ಇರುತ್ತದೆ, ಹುಡುಕುವ ದಾರಿ ತಪ್ಪಿರುತ್ತದೆ ಎಂದುಕೊಂಡು ಹೋದೆ. ಅದು ನಾವು ದಿನಾ ನೋಡುವ ತೊಂದರೆ. ದಾರಿ ಸರಿಮಾಡಿದೆ, ಎರಡು ಸಲ ಕಂಪ್ಯೂಟರ್ ಆರಿಸಿ ಹಚ್ಚಿದೆ. ಬೇಕಾದ ಲೈಬ್ರರಿಗಳ ಪಟ್ಟಿ ತೆಗೆದರೆ ಉಳಿದೆಲ್ಲದರ ಮುಂದೆ ವಿಳಾಸವಿತ್ತು, ದನಿಯ ಫೈಲಿನ ಮುಂದೆ ಮಾತ್ರ ‘ಸಿಗಲಿಲ್ಲ’. ಕೊನೆಗೆ ಡಿಸ್ಕನ್ನೆಲ್ಲ ಜಾಲಾಡಿದೆ. ರಿಪೇರಿಯವನು ಹೊಸ ಡಿಸ್ಕ್ ಹಾಕುವಾಗ ಪ್ರೋಗ್ರಾಮನ್ನಷ್ಟೇ ನಕಲು ಮಾಡಿ, ಬೇರೆ ಕಡೆ ಇದ್ದ ದನಿಯ ಫೈಲನ್ನು ಬಿಟ್ಟಿದ್ದ. ಇನ್ನೊಂದು ಪ್ರತಿ ಇದ್ದದ್ದು ಚಿಕ್ಕೋಡಿಯಲ್ಲಿ, ನನ್ನ ಕಾಲೇಜಿನ ಕಂಪ್ಯೂಟರಿನಲ್ಲಿ. ಕಳಿಸು ಎಂದು ಸಹೋದ್ಯೋಗಿಯೊಬ್ಬಳಿಗೆ ಹೇಳಿ, ಕಾಯುತ್ತ ಕೂತೆ.

ಮಾಮಾ ಅಷ್ಟೂ ಹೊತ್ತು ನನ್ನ ಹಿಂದೆಯೇ ನಿಂತಿದ್ದರು. “ಫೈಲ್ ಇದರಾಗ ಇಲ್ರಿ ಮಾಮಾ, ಸಂಜಿಯೊಳಗ ಚಿಕ್ಕೋಡಿಯಿಂದ ಬರ್ತೈತಿ” ಅಂದೆ. ನನ್ನ ತಲೆಯ ಮೇಲೊಮ್ಮೆ ಕೈಯಿಟ್ಟು, ದ್ರಾಕ್ಷಿ ಒಣಗಿಸುವ ಶೆಡ್ಡಿನ ಕಡೆ ನಡೆದರು.

ಸುಡು ಮಧ್ಯಾಹ್ನ. ಶೆಡ್ಡಿನ ಬಲೆಗಳ ಮೇಲೆ ಒಣಗುತ್ತಿದ್ದ ದ್ರಾಕ್ಷಿಯ ಸಿಹಿ ಹುಳಿ ವಾಸನೆ ಕಿಟಕಿಯಲ್ಲಿ ಬಂದು ಕೋಣೆಯಲ್ಲೆಲ್ಲ ನಿಂತುಬಿಟ್ಟಿತ್ತು. ಪರದೆಯ ಮೇಲಿನ ಅಕ್ಷರಗಳು ನೀರಿನ ತಳದಲ್ಲಿ ಇದ್ದಂತೆ ಅಲುಗುತ್ತಿದ್ದವು. ದೂರದಲ್ಲೆಲ್ಲೋ ಟ್ರ್ಯಾಕ್ಟರೊಂದು ಹೋಗುತ್ತಲೇ ಇತ್ತು, ಅದರ ಸದ್ದು ಮುಗಿಯುತ್ತಲೇ ಇರಲಿಲ್ಲ. ನಿದ್ದೆಯಲ್ಲ, ಎಚ್ಚರವೂ ಅಲ್ಲ.

“ಏ, ಬಾಗ್ಲಾ ತಗಿ.”

ಕಂಪ್ಯೂಟರಿನ ಸ್ಪೀಕರಿನಿಂದ ಬಂತು. ಮಾಮಾನ ದನಿ. ಗಾಬರಿಯಿರಲಿಲ್ಲ, ಪಕ್ಕದ ಕೋಣೆಯಲ್ಲಿ ಕೂತವರು ಕರೆದ ಹಾಗಿತ್ತು. ಫೈಲು ಬಂದಿರಬೇಕು, ಯಾರೋ ಒತ್ತಿರಬೇಕು ಎಂದು ಕಣ್ಣು ತೆರೆದೆ. ಕೋಣೆಯಲ್ಲಿ ನಾನೊಬ್ಬಳೇ. ಪರದೆಯ ಮೇಲೆ ಅದೇ ‘ಸಿಗಲಿಲ್ಲ’. ಅಷ್ಟರಲ್ಲಿ ಹಿತ್ತಲಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಮಾಮಿ ಬರಿಗಾಲಲ್ಲಿ ಶೆಡ್ಡಿನ ಕಡೆ ಓಡುತ್ತಿದ್ದರು. ನಾನೂ ಓಡಿದೆ.

ಶೆಡ್ಡಿನ ಮಗ್ಗುಲಲ್ಲಿ ಒಣದ್ರಾಕ್ಷಿಗೆ ಗಂಧಕದ ಹೊಗೆ ಕೊಡುವ ಸಣ್ಣ ಕೋಣೆ ಇತ್ತು. ಮಾಮಾ ಹೊಗೆ ಹಾಕಿಟ್ಟು ಹೊರಬರಬೇಕೆನ್ನುವಾಗ ಗಾಳಿಗೆ ಬಾಗಿಲು ಬಡಿದು, ಹೊರಗಿನ ಚಿಲಕ ತಾನೇ ಬಿದ್ದಿತ್ತು. ಮಾಮಿ ಚಿಲಕ ತೆಗೆದಾಗ ಮಾಮಾ ಹೊಸ್ತಿಲ ಮೇಲೆ ಕುಸಿದರು. ಕತ್ತಿನ ರಂಧ್ರದಿಂದ ಉಸಿರಾಡುವವರು, ಕೂಗಲು ಗಂಟಲೇ ಇಲ್ಲದವರು. ಇನ್ನೂ ಸ್ವಲ್ಪ ಹೊತ್ತಾಗಿದ್ದರೆ ಉಳಿಯುತ್ತಿರಲಿಲ್ಲ ಎಂದು ಅಥಣಿಯ ಡಾಕ್ಟರು ಹೇಳಿದರು.

ಆಸ್ಪತ್ರೆಯ ಬೆಂಚಿನ ಮೇಲೆ ಮಾಮಿಯನ್ನು ಕೇಳಿದೆ, “ನೀವು ಯಾಕ ಓಡಿದ್ರಿ?”

“ನಿಮ್ಮ ಮಾಮಾ ಬಾಗ್ಲಾ ತಗಿ ಅಂತ ಒದರಿದ್ರಲ್ಲ. ಶೆಡ್ಡಿನ ಕಡಿಂದ ಕೇಳಿಸ್ತು.”

“ನನಗ ಮಷಿನ್‌ದಾಗ ಕೇಳಿಸ್ತು ಮಾಮಿ.”

ಅವರು ನನ್ನನ್ನೇ ನೋಡಿದರು. “ಮಷಿನ್ ಕೆಟ್ಟೈತೆಲ್ಲವಾ.”

ಆಮೇಲೆ ನಾನು ಮಾಡಿದ್ದು ನನಗೆ ಗೊತ್ತಿದ್ದ ಒಂದೇ ಕೆಲಸ. ಕಂಪ್ಯೂಟರಿನ ದಾಖಲೆಗಳನ್ನು ಸಾಲುಸಾಲಾಗಿ ಓದಿದೆ. ಫೈಲು ಅಳಿಸಿಹೋದರೂ, ಮೊದಲೇ ಶುರುವಾಗಿದ್ದ ಪ್ರೋಗ್ರಾಮಿನ ನೆನಪಿನಲ್ಲಿ ಅದು ಉಳಿದಿರುವುದುಂಟು. ಆದರೆ ಹೊಸ ಡಿಸ್ಕಿಗೆ ಆ ಫೈಲು ಬಂದೇ ಇರಲಿಲ್ಲ. ಆ ಹೊತ್ತಿನಲ್ಲಿ ಯಾವ ಪ್ರೋಗ್ರಾಮೂ ಸ್ಪೀಕರನ್ನು ಮುಟ್ಟಿದ ಗುರುತಿರಲಿಲ್ಲ. ನಾನು ಮಂಪರಿನಲ್ಲಿದ್ದೆ ಎನ್ನಬಹುದು. ಆದರೆ ಮಾಮಿ ಎಚ್ಚರವಾಗಿಯೇ ಪಾತ್ರೆ ತಿಕ್ಕುತ್ತಿದ್ದರು.

ನಾಲ್ಕು ದಿನಕ್ಕೆ ಮಾಮಾ ಮನೆಗೆ ಬಂದರು. ಅಷ್ಟರಲ್ಲಿ ಫೈಲು ಬಂದಿತ್ತು, ಪ್ರೋಗ್ರಾಂ ಶುರುವಾಯಿತು. ಅವತ್ತು ಒಳಗೆ ಏನು ಮಾಡಿದಿರಿ ಎಂದು ಕೇಳಿದೆ. ಅವರು ನಿಧಾನವಾಗಿ ಒತ್ತಿದರು, ಕಂಪ್ಯೂಟರ್ ಆಡಿತು: “ಒದರಿದ್ನಿ. ನೀವು ಬಂದ್ರಿ. ಅದರಾಗ ಕೇಳೂದೇನೈತಿ?”

ಮಾಮಿ ಕಣ್ಣೊರೆಸಿಕೊಂಡು ನಕ್ಕರು. ನಾನು ಮಾತ್ರ ಅದನ್ನೇ ಇನ್ನೊಮ್ಮೆ ಆಡಿಸಿ ಕೇಳಿದೆ. ರೆಕಾರ್ಡ್ ಮಾಡುವ ಹೊತ್ತಿಗೆ ರೋಗ ಬಲಿತು ಮಾಮಾನ ಗಂಟಲು ಒಡೆದಿತ್ತು. ಫೈಲಿನಲ್ಲಿರುವುದೆಲ್ಲ ಆ ಗೊಗ್ಗರು ದನಿಯೇ, ಈಗ ಆಡಿದ್ದೂ ಅದೇ. ಆ ಮಧ್ಯಾಹ್ನ ಕೇಳಿದ ದನಿಯಲ್ಲಿ ಒಂದಿಷ್ಟೂ ಗೊಗ್ಗರಿರಲಿಲ್ಲ. ಅಂಥದ್ದು ನನ್ನ ಯಾವ ಫೈಲಿನಲ್ಲೂ ಇಲ್ಲ.