ಫ್ಯೂಸ್ ಹೋಗದ ವಾರ

ಹಗರಿಬೊಮ್ಮನಹಳ್ಳಿಯ ನಮ್ಮ ಮನೆಯನ್ನು ಮಾವ ಇಬ್ಬರು ಮಕ್ಕಳಿಗೂ ಪಾಲು ಮಾಡಿಕೊಟ್ಟರು. ಮುಂದಿನ ಭಾಗ ನಮ್ಮದು, ಹಿಂದಿನದು ಮೈದುನನದು. ಮೀಟರ್ ಮಾತ್ರ ನಮ್ಮ ಪಡಸಾಲೆಯಲ್ಲಿತ್ತು. ಅಲ್ಲಿಂದ ಹಿಂದಿನ ಮನೆಯ ಬೋರ್ಡಿಗೆ ವೈರ್ ಎಳೆಯಬೇಕಿತ್ತು. ಇಡೀ ಮನೆಯ ಭಾರ ಅದರ ಮೇಲೆ ಬೀಳುತ್ತದೆ, ದಪ್ಪನೆಯದೇ ಇರಲಿ ಎಂದು ವೈರ್‌ಮನ್ ಹೇಳಿದ. ಮಾವ ಒಪ್ಪಬೇಕಲ್ಲ!

"ಒಬ್ಬಗ ದಪ್ಪಂದು, ಒಬ್ಬಗ ಸಣ್ಣಂದು ಕೊಟ್ಟರ ಮಂದಿ ಏನಂದಾರು? ಇಬ್ಬರಿಗೂ ಒಂದೇ ಹಾಕು" ಅಂದರು.

ಪಾಲು ಅಂದಮೇಲೆ ತಂಬಿಗೆಗೆ ತಂಬಿಗೆ, ಮಣೆಗೆ ಮಣೆ. ನಮ್ಮ ದೀಪಕ್ಕೆ ಎಳೆದ ತೆಳ್ಳನೆಯ ವೈರೇ ಅವರ ಇಡೀ ಮನೆಗೂ ಹೋಯಿತು. ಅದು ಹೋದದ್ದು ನಮ್ಮ ತೊಲೆಯ ಮೇಲಿಂದ, ನನ್ನ ಕೂಸಿನ ತೊಟ್ಟಿಲ ನೆತ್ತಿಯ ಮೇಲೆ.

ವಾರಗಿತ್ತಿ ಕರೆಂಟಿನ ಕಾಯಿಲ್ ಒಲೆ ತಂದಳು. ಅಂದಿನಿಂದ ಸಂಜೆಯಾದರೆ ನಮ್ಮ ಪಡಸಾಲೆಯ ಫ್ಯೂಸ್ ಸುಟ್ಟು ಎರಡೂ ಮನೆ ಕತ್ತಲು. ಕೇಳಿದರೆ ಹಾಲು ಕಾಯಿಸಿದೆ ಅಷ್ಟೇ ಅನ್ನುವಳು. ಹಾಲಿಗೆ ಒಗ್ಗರಣೆಯ ವಾಸನೆ ಎಲ್ಲಿಂದ ಬರುತ್ತದೆ? ದಿನಾ ಜಗಳವಾಗುತ್ತಿತ್ತು.

ಆಮೇಲೆ ಒಂದು ವಾರ ಫ್ಯೂಸ್ ಹೋಗಲೇ ಇಲ್ಲ. ಎಲ್ಲರಿಗೂ ಖುಷಿ, ನನಗೆ ಅನುಮಾನ. ಒಲೆ ಉರಿಯುತ್ತಲೇ ಇದೆ, ಒಗ್ಗರಣೆ ಘಮ್ಮೆನ್ನುತ್ತಲೇ ಇದೆ, ಫ್ಯೂಸ್ ಮಾತ್ರ ಅಲುಗುತ್ತಿಲ್ಲ. ಇದರಲ್ಲಿ ಅವಳ ಕೈವಾಡ ಇದ್ದೇ ಇದೆ ಅಂದುಕೊಂಡೆ.

ಒಂದು ಸಂಜೆ ತೊಟ್ಟಿಲು ತೂಗುವಾಗ ರಬ್ಬರ್ ಸುಟ್ಟಂಥ ವಾಸನೆ ಬಂತು. ಸ್ಟೂಲ್ ಹತ್ತಿ, ವೈರ್ ಕೂರಿಸಿದ್ದ ಕಟ್ಟಿಗೆ ಪಟ್ಟಿಯನ್ನು ಮುಟ್ಟಿದೆ. ಕೈ ಚುರ್ರೆಂದಿತು. ಮೇನ್ ಸ್ವಿಚ್ ಇಳಿಸಿ ಕೂಸನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದೆ.

ಫ್ಯೂಸ್ ಯಾರು ಮುಟ್ಟಿದ್ದು ಎಂದು, ದೀಪ ಹೋಯಿತೆಂದು ಹೊರಬಂದ ವಾರಗಿತ್ತಿಯ ಮುಖ ನೋಡಿಯೇ ಕೇಳಿದೆ. ಅವಳು ಸೌಟು ಹಿಡಿದು ಪಿಳಿಪಿಳಿ ನೋಡಿದಳು. ಕಟ್ಟೆಯ ಮೇಲೆ ಕೂತಿದ್ದ ನನ್ನ ಗಂಡ ಬಾಯಿ ಹಾಕಿದರು: "ನಾ ಯಾಕ ಮುಟ್ಟಲಿ?"

ಅವರನ್ನು ಕೇಳಿದವರ್ಯಾರು? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು.

ಮೈದುನ ಫ್ಯೂಸ್ ಕಿತ್ತು ತೋರಿಸಿದ. ಸಣ್ಣ ಎಳೆ ಇರಬೇಕಾದಲ್ಲಿ ದಪ್ಪ ತಾಮ್ರದ ತಂತಿ ಸುತ್ತಿತ್ತು. ಅದು ಸುಡದೆ, ತೊಲೆಯ ಮೇಲಿನ ತೆಳ್ಳನೆಯ ವೈರೇ ಕಾದಿತ್ತು. ಇನ್ನು ಬಚ್ಚಿಟ್ಟು ಉಪಯೋಗವಿಲ್ಲ ಎಂದು ಗಂಡನಿಗೂ ಗೊತ್ತಾಯಿತು.

"ದಿನಾ ನಿಮ್ಮಿಬ್ಬರ ಜಗಳ ಕೇಳಿ ಸಾಕಾಗಿತ್ತು. ಅದು ನಿಲ್ಲಲಿ ಅಂತ ಹಾಕಿದೆ" ಅಂದರು.

ಜಗಳ ನಿಲ್ಲಿಸಲು ಕೂಸಿನ ತಲೆಯ ಮೇಲೆ ಬೆಂಕಿ ಕಟ್ಟಿದ ಮಹಾರಾಯರು! ಸಿಟ್ಟಿಗೆ ನನಗೆ ಅಳುವೇ ಬಂತು. ವಾರಗಿತ್ತಿ ಸೌಟು ಕೆಳಗಿಟ್ಟು, ಕೂಸನ್ನು ಇಸಿದುಕೊಂಡು ತನ್ನ ಮನೆಯಲ್ಲಿ ಮಲಗಿಸಿದಳು.

ಅದೇ ವೈರ್‌ಮನ್ ಮತ್ತೆ ಬಂದ. ಹಿಂದಕ್ಕೆ ದಪ್ಪ ವೈರ್ ಎಳೆದ. ವೈರ್ ಕಾಯುವ ಮೊದಲೇ ಫ್ಯೂಸ್ ಸುಡಬೇಕು ಎಂದು ಅದಕ್ಕೆ ತಕ್ಕ ಎಳೆ ಕಟ್ಟಿದ. ಹಿಂದಿನ ಬೋರ್ಡಿನ ಫ್ಯೂಸಿಗೆ ಇನ್ನೂ ಸಣ್ಣ ಎಳೆ, ಅವರ ತಾಪತ್ರಯ ಅಲ್ಲೇ ಮುಗಿಯಲಿ ಎಂದು. ಒಂದು ದೊಡ್ಡದು, ಒಂದು ಸಣ್ಣದು ಅನ್ನುವುದು ಮಾವನಿಗೆ ಕೊನೆಗೂ ಸರಿಬರಲಿಲ್ಲ.

ನಾನು ಫ್ಯೂಸ್ ಪೆಟ್ಟಿಗೆಗೆ ಬೀಗ ಹಾಕಿಸಿದೆ. ಕೀಲಿಯನ್ನು ವಾರಗಿತ್ತಿಯ ಕೈಗೆ ಕೊಟ್ಟೆ. ನಮ್ಮ ಮನೆಯಲ್ಲಿಟ್ಟಿದ್ದರೆ ನನ್ನ ಗಂಡನಿಗೆ ಸಿಗುತ್ತಿತ್ತು.