ಹಿಂದಿನ ದಿನದ ನಕ್ಷತ್ರ

ಹುಣಸೂರಿನ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ನಾನು ಪಾಠ ಹೇಳುತ್ತೇನೆ. ಯುದ್ಧಕಾಲದ ಹಳೆಯ ಗುಪ್ತಲಿಪಿ ಯಂತ್ರವೊಂದನ್ನು ಪ್ರೋಗ್ರಾಮಿನಲ್ಲಿ ಕಟ್ಟಿದ್ದು ಮೊದಲು ಬರೀ ಹಟಕ್ಕೆ. ಮೂರು ಚಕ್ರ. ಒಂದೊಂದು ಅಕ್ಷರ ಒತ್ತಿದಾಗಲೂ ಚಕ್ರ ತಿರುಗಿ ಬೇರೆಯೇ ಅಕ್ಷರ ಹೊರಬರುತ್ತದೆ. ಎರಡೂ ಕಡೆಯವರು ಚಕ್ರಗಳನ್ನು ಒಂದೇ ಜಾಗದಿಂದ ಶುರುಮಾಡಿದರೆ ಮಾತ್ರ ಓದಲಿಕ್ಕಾಗುತ್ತದೆ. ನಡುವಿನ ಚಕ್ರ ಒಮ್ಮೊಮ್ಮೆ ಸಾಲಾಗಿ ಎರಡು ಸಲ ತಿರುಗಬೇಕು. ಅದನ್ನು ಸರಿಮಾಡುವಷ್ಟರಲ್ಲಿ ಎರಡು ವಾರ ತಲೆ ಕೆಟ್ಟುಹೋಗಿತ್ತು.

ಆಮೇಲೆ ಅದನ್ನು ಅಕ್ಕನ ಫೋನಿಗೂ ಹಾಕಿಕೊಟ್ಟೆ. ಸಾಲಿಗ್ರಾಮಕ್ಕೆ ಕೊಟ್ಟ ಅಕ್ಕ. ಭಾವ ಅವಳ ಮೆಸೇಜುಗಳನ್ನೆಲ್ಲ ಓದುತ್ತಿದ್ದರು, ನಾವು ಫೋನ್ ಮಾಡಿದರೆ ಸ್ಪೀಕರ್ ಹಾಕಿಸುತ್ತಿದ್ದರು. ಹೊಡೆಯುತ್ತಲೂ ಇದ್ದರು. ಕೇಳಿದರೆ ತಂಗಿಯ ಸೆಂಟರಿನ ಆಟ ಅನ್ನು ಎಂದು ಹೇಳಿಕೊಟ್ಟಿದ್ದೆ. ಚಕ್ರಗಳ ಜಾಗವನ್ನು ಎಲ್ಲೂ ಬರೆದಿಡುವಂತಿರಲಿಲ್ಲ. ಅದಕ್ಕೇ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕಿರುವ ವಾರ, ತಿಥಿ, ನಕ್ಷತ್ರಗಳನ್ನೇ ಗೊತ್ತುಮಾಡಿಕೊಂಡೆವು. ಚಕ್ರದಲ್ಲಿ ಇಪ್ಪತ್ತಾರು ಇಂಗ್ಲಿಷ್ ಅಕ್ಷರ, ನಕ್ಷತ್ರ ಇಪ್ಪತ್ತೇಳು. ರೇವತಿಯನ್ನು ಅಶ್ವಿನಿಯ ಜಾಗದಲ್ಲೇ ಕೂರಿಸಿ, ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಒಂದು ಮಂಗಳವಾರ ಬೆಳಗ್ಗೆ ಐದೂವರೆಗೆ ಅಕ್ಕನ ಸಂದೇಶ ಬಂದಿತ್ತು. ಒಂಬತ್ತಕ್ಕೆ ಸೆಂಟರಿನಲ್ಲಿ ಕೂತು, ಮಂಗಳವಾರದ ಜಾಗಕ್ಕೆ ಚಕ್ರ ತಿರುಗಿಸಿ ನೋಡಿದೆ. ತಲೆಬುಡವಿಲ್ಲದ ಅಕ್ಷರಗಳು. ಹಿಂದೆಯೂ ಒಂದೆರಡು ಸಲ ಅವಳು ಚಕ್ರ ತಪ್ಪಾಗಿ ಇಟ್ಟಿದ್ದಳು. ಮತ್ತೆ ಕಳಿಸುತ್ತಾಳೆ ಬಿಡು ಎಂದುಕೊಂಡು ಕ್ಲಾಸಿಗೆ ಹೋದೆ.

ಸಂಜೆ ಹನಗೋಡಿನ ಮನೆಗೆ ಬಂದಾಗ, ಪಕ್ಕದ ಮನೆಯ ಹಸು ಸೋಮವಾರ ಕರು ಹಾಕಿತು ಎಂದು ಅವ್ವ ಹೇಳಿದಳು. ಆ ಗಲಾಟೆಗೆ ಅದೇ ಮಂಗಳವಾರ ಬೆಳಗಿನ ಜಾವ ನನಗೇ ಎಚ್ಚರವಾಗಿತ್ತು. ಇವತ್ತಲ್ಲವಾ ಎಂದು ಕೇಳಿದೆ.

“ನೇಸರು ಉಟ್ಟಿರ್ನಿಲ್ಲ ಕಣವ್ವ. ಉಟ್ಟುದ್ಮೇಲೆ ತಾನೆ ಮಂಗಳವಾರ?”

ಅಕ್ಕನೂ ಈ ಮನೆಯಲ್ಲೇ ದಿನ ಎಣಿಸಲು ಕಲಿತವಳು. ಚಕ್ರಗಳನ್ನು ಸೋಮವಾರಕ್ಕೆ ತಿರುಗಿಸಿದೆ. ‘ಹತ್ತು ಗಂಟೆಗೆ ಕೆ.ಆರ್. ನಗರ ಬಸ್ ಸ್ಟ್ಯಾಂಡಿಗೆ ಬಾ. ಬಟ್ಟೆ ತಂದಿರ್ತೀನಿ. ಇನ್ನು ಇಲ್ಲಿಗೆ ಬರಲ್ಲ.’ ಆಗ ಗಂಟೆ ಆರೂಕಾಲು. ನನಗೆ ಅಳು ಬರಲಿಲ್ಲ, ಗಾಬರಿಯೂ ಆಗಲಿಲ್ಲ. ಪ್ರೋಗ್ರಾಮಿನಲ್ಲಿ ತಪ್ಪಿಲ್ಲ ಎಂದಷ್ಟೇ ಹೊಳೆಯಿತು.

ಮಾರನೆಯ ಬೆಳಗ್ಗೆ ಸಾಲಿಗ್ರಾಮಕ್ಕೆ ಹೋದೆ. ಭಾವ ಗದ್ದೆಗೆ ಹೋಗಿದ್ದರು. ಅಕ್ಕ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಬಸ್ ಸ್ಟ್ಯಾಂಡಿನಲ್ಲಿ ಮಧ್ಯಾಹ್ನ ಒಂದು ಗಂಟೆಯವರೆಗೆ ಕಾದು, ಅದೇ ಬಟ್ಟೆ ಚೀಲ ಹಿಡಿದು ವಾಪಸ್ ಬಂದಳಂತೆ. ಚಕ್ರ, ವಾರ, ನೇಸರು ಎಲ್ಲ ವಿವರಿಸಿದೆ. ಕೈ ನಿಲ್ಲಿಸದೆ ಕೇಳಿಸಿಕೊಂಡಳು.

“ಅಂಗಾ. ನಾನು ಬರಾದು ನಿಂಗೆ ಇಷ್ಟ ಇಲ್ಲ ಅಂತ ತಿಳ್ಕಂಡೆ.”

“ಈಗ ಬಾ ಅಕ್ಕ. ಇಂಗೇ ಒಂಟೋಗಣ.”

“ಬುಡು. ನೆನ್ನೆ ಧೈರ್ಯ ಇತ್ತು. ಇವತ್ತು ಇಲ್ಲ ಕಣೆ.”

ಕಾಫಿ ಕೊಟ್ಟಳು. ಕುಡಿದೆ.

ಈಗಲೂ ಅಕ್ಕ ಸಂದೇಶ ಕಳಿಸುತ್ತಾಳೆ, ಭಾವ ಓದಿದರೂ ತೊಂದರೆಯಿಲ್ಲದಂಥದ್ದು: ಊಟ ಆಯ್ತಾ. ಆಯ್ತು ಎಂದು ಬರೆಯುತ್ತೇನೆ.